ಬಯೋಡೇಟಾದ ಕೊನೇ ಎರಡು ಸಾಲು: ಆಟ, ಹವ್ಯಾಸ ಬರೆಯುವುದು ಹೇಗೆ

ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಇರಲಿ, ಮುಧೋಳದ ಸಕ್ಕರೆ ಕಾರ್ಖಾನೆ ಇರಲಿ, ಫ್ರೆಶರ್‌ಗಳ ಇಂಟರ್‌ವ್ಯೂ ಶುರುವಾಗುವುದು ಬಹುತೇಕ "ನಿಮ್ಮ ಬಗ್ಗೆ ಹೇಳ್ರಿ" ಎಂಬಲ್ಲಿಂದಲೇ. ಊರು, ಕಾಲೇಜು, ಪರ್ಸೆಂಟೇಜ್ ಹೇಳಿ ಮುಗಿಸುವಷ್ಟರಲ್ಲಿ ಕೇಳುವವರ ಕಣ್ಣು ಬಯೋಡೇಟಾದ ತುದಿಗೆ ಇಳಿದಿರುತ್ತದೆ. ಅಲ್ಲಿ "ಹವ್ಯಾಸ: ಕ್ರಿಕೆಟ್ ಆಡುವುದು, ಹಾಡು ಕೇಳುವುದು, ಪುಸ್ತಕ ಓದುವುದು" ಅಂತಿದ್ದರೆ ಅವರಿಗೆ ಹಿಡಿಯಲು ಎಳೆಯೇ ಸಿಗುವುದಿಲ್ಲ. ಕ್ಯಾಂಪಸ್ ಡ್ರೈವ್‌ನಲ್ಲಂತೂ ಗೆಳೆಯನ ಫೈಲ್ ಇಸಿದುಕೊಂಡು ಹೆಸರಷ್ಟೇ ಬದಲಿಸಿದ ಬಯೋಡೇಟಾಗಳ ರಾಶಿಯೇ ಬಿದ್ದಿರುತ್ತದೆ, ಈ ಸಾಲು ಎಲ್ಲದರಲ್ಲೂ ಇರುತ್ತದೆ.

ಹವ್ಯಾಸದ ಸಾಲು ಕೆಲಸ ಕೊಡಿಸುವುದಿಲ್ಲ. ಮುಂದಿನ ಪ್ರಶ್ನೆ ಯಾವುದು ಎಂದು ನೀವೇ ತೀರ್ಮಾನಿಸುವ ಅವಕಾಶ ಕೊಡುತ್ತದೆ, ಅಷ್ಟೆ. ಹಾಗಾಗಿ ಒಂದೇ ನಿಯಮ: ಮೂರನೇ ಪ್ರಶ್ನೆಗೂ ಉತ್ತರ ಇರುವಂಥದ್ದನ್ನು ಮಾತ್ರ ಬರೆಯಿರಿ.

ಇದರ ತೂಕ ಎಷ್ಟೆಂದು ಅಳೆದವರೂ ಇದ್ದಾರೆ. ಸ್ವೀಡನ್‌ನಲ್ಲಿ ಕಂಪನಿಗಳಿಗೆ ಕಲ್ಪಿತ ಅರ್ಜಿಗಳನ್ನು ಕಳಿಸಿ ನೋಡಿದ ಡ್ಯಾನ್-ಒಲೋಫ್ ರೂತ್ ಅವರ 2011ರ ಅಧ್ಯಯನದಲ್ಲಿ, ಆಟದ ಪ್ರಸ್ತಾಪವಿದ್ದ ಅರ್ಜಿಗಳಿಗೆ ಕರೆ ಬರುವ ಪ್ರಮಾಣ ಸುಮಾರು 2 ಶೇಕಡಾಂಶದಷ್ಟು, ಅಂದರೆ ನೂರು ಅರ್ಜಿಗೆ ಎರಡು ಕರೆಯಷ್ಟು, ಹೆಚ್ಚಿತ್ತು. ಮೈಮುರಿದು ದುಡಿಯುವ ಕೆಲಸಗಳಲ್ಲಿ ಇನ್ನೂ ಹೆಚ್ಚು. ಅಮೆರಿಕದ್ದು ಬೇರೆ ಕಥೆ. ಲಾರೆನ್ ರಿವೆರಾ ಮತ್ತು ಆಂಡ್ರಾಸ್ ಟಿಲ್ಚಿಕ್ 14 ನಗರಗಳ 316 ವಕೀಲಿ ಕಚೇರಿಗಳಿಗೆ ಅರ್ಜಿ ಕಳಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದು, ಅಂಕ ಎಲ್ಲ ಒಂದೇ. ಅಡ್ಡಹೆಸರು (ಮನೆತನದ ಹೆಸರು), ಪ್ರಶಸ್ತಿ, ಹವ್ಯಾಸದಂಥ ಸುಳಿವುಗಳು ಮಾತ್ರ ಬೇರೆ. ಹಾಯಿದೋಣಿ, ಪೋಲೊ ಎಂದು ಬರೆದ 'ಶ್ರೀಮಂತ' ಗಂಡಸಿನ ಅರ್ಜಿಗಳಲ್ಲಿ ಶೇ 16ರಷ್ಟಕ್ಕೆ ಕರೆ ಬಂತು. ಓಟ, ಫುಟ್‌ಬಾಲ್ ಬರೆದ ಸಾಮಾನ್ಯ ಮನೆತನದ ಗಂಡಸಿಗೆ ಶೇ 1ರ ಆಸುಪಾಸು. ಅದೇ ಶ್ರೀಮಂತ ಹವ್ಯಾಸ ಬರೆದ ಹೆಂಗಸರಿಗೆ ಆ ಲಾಭ ದಕ್ಕಲಿಲ್ಲ. ಹವ್ಯಾಸ ನೋಡಿ ಜನ "ಇವರು ನಮ್ಮ ಪೈಕಿಯೋ" ಎಂದು ಅಳೆಯುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗಂತ ಇಂಡಿ ತಾಲ್ಲೂಕಿನ ಹುಡುಗ ಗಾಲ್ಫ್ ಎಂದು ಬರೆದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ನಮ್ಮ ಕಡೆಯ ಆಟಗಳಲ್ಲೇ ಹೇಳಿಕೊಳ್ಳಲು ಬೇಕಾದಷ್ಟಿದೆ. ಹೇಳುವ ರೀತಿ ಗೊತ್ತಿಲ್ಲ, ಅಷ್ಟೆ.

ಸಾಲು ಕಟ್ಟುವುದು

ಜಾಗ: ಓದು, ಪ್ರಾಜೆಕ್ಟ್, ಕೌಶಲ ಎಲ್ಲ ಮುಗಿದ ಮೇಲೆ, ಪುಟದ ಕೊನೆಗೆ. ಫ್ರೆಶರ್‌ಗಳಿಗೆ ಎರಡು ಸಾಲು, ಹೆಚ್ಚೆಂದರೆ ಮೂರು. ಐದಾರು ವರ್ಷ ಅನುಭವ ಇದ್ದವರಿಗೆ ಒಂದೇ ಸಾಕು. ಅನುಭವಕ್ಕೇ ಜಾಗ ಸಾಲದಿದ್ದರೆ ಅದನ್ನೂ ತೆಗೆಯಿರಿ.

ಪ್ರತಿ ಸಾಲಿನಲ್ಲಿ ನಾಲ್ಕು ಅಂಶ ಇರಲಿ: ಏನು, ಯಾವ ಮಟ್ಟ, ನಿಮ್ಮ ಪಾತ್ರ, ಯಾವ ವರ್ಷ. "ಖೊ ಖೊ" ಎಂದಷ್ಟೇ ಬರೆಯುವ ಬದಲು "ಖೊ ಖೊ: ವಿಟಿಯು ವಲಯ ಮಟ್ಟ, ಕಾಲೇಜು ತಂಡದ ನಾಯಕಿ, 2023 ಮತ್ತು 2024" ಎನ್ನಿ. ಬಯೋಡೇಟಾ ಇಂಗ್ಲಿಷಿನಲ್ಲಿದ್ದರೂ ಇದೇ ಕ್ರಮ. ಮಟ್ಟ ಬರೆಯುವಾಗ ಹುಷಾರಿ ಬೇಕು. ಅಂತರ ಕಾಲೇಜು ಬೇರೆ, ಅಂತರ ವಿಶ್ವವಿದ್ಯಾಲಯ ಬೇರೆ; ಊರ ಜಾತ್ರೆಯಲ್ಲಿ ನಡೆದ 'ರಾಜ್ಯಮಟ್ಟದ' ಟೂರ್ನಮೆಂಟ್ ಬೇರೆ, ರಾಜ್ಯ ತಂಡಕ್ಕೆ ಆಡುವುದು ಬೇರೆ. ಜಾತ್ರೆಯ ಕುಸ್ತಿಯನ್ನು ಜಾತ್ರೆಯ ಕುಸ್ತಿ ಎಂದೇ ಬರೆಯಿರಿ, ಅದರ ಮರ್ಯಾದೆ ಅದಕ್ಕಿದೆ.

ಇನ್ನು ಸಾಲಿನ ಹಿಂದಿನ ಸರಕು. ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಬರೆಯುವವರು ಬಹಳ. "ಶಿಸ್ತು ಕಲಿಸುತ್ತದೆ, ಟೀಮ್‌ವರ್ಕ್ ಕಲಿಸುತ್ತದೆ" ಎಂದರೆ ಕೇಳುವವರು ಆಕಳಿಸುತ್ತಾರೆ. ಟ್ರ್ಯಾಕ್‌ನ ಟೀಮ್ ಪರ್ಸ್ಯೂಟ್ ಆಡಿದವರು ಅದನ್ನೇ ಬಿಡಿಸಿ ಹೇಳಲಿ: ನಾಲ್ವರು, 4 ಕಿ.ಮೀ.; ಸಮಯ ಲೆಕ್ಕ ಹಾಕುವುದು ಮೂರನೆಯವನು ಗೆರೆ ದಾಟಿದಾಗ. ಮುಂದಿದ್ದವನು ಗಾಳಿ ಸೀಳಿ ದಣಿದು ಪಕ್ಕಕ್ಕೆ ಸರಿದು ಹಿಂದೆ ಸೇರಿಕೊಳ್ಳುತ್ತಾನೆ. ಮುಂದಿರುವವನು ಜೋರು ತೋರಿಸಲು ಹೋಗಿ ಸಾಲು ಹರಿದರೆ ಅವನ ಜೋರಿಗೆ ಬೆಲೆ ಇಲ್ಲ. ಇಷ್ಟು ಹೇಳಿದರೆ ಟೀಮ್‌ವರ್ಕ್ ಎಂಬ ಮಾತನ್ನು ಎತ್ತಬೇಕಾಗಿಯೇ ಇಲ್ಲ.

ಕುಸ್ತಿಯವರಿಗೆ ತಪ್ಪದೆ ಬರುವ ಪ್ರಶ್ನೆ ಮಣ್ಣಿನ ಕುಸ್ತಿಗೂ ಮ್ಯಾಟ್ ಕುಸ್ತಿಗೂ ಏನು ಫರಕು ಎಂಬುದು. ಮಣ್ಣಿನಲ್ಲಿ ಚಿತ್ ಮಾಡಿದರೆ, ಅಂದರೆ ಎದುರಾಳಿಯ ಬೆನ್ನು ನೆಲಕ್ಕೆ ಹಚ್ಚಿದರೆ, ಗೆಲುವು. ಮ್ಯಾಟ್‌ನಲ್ಲಿ ಮೂರು ನಿಮಿಷದ ಎರಡು ಸುತ್ತು, ಪಾಯಿಂಟ್ ಲೆಕ್ಕ, ತೂಕದ ವರ್ಗ. ಯಾವ ತೂಕದಲ್ಲಿ ಆಡುತ್ತೀರಿ, ತೂಕ ಹೇಗೆ ಕಾಯ್ದುಕೊಳ್ಳುತ್ತೀರಿ ಎಂಬುದಕ್ಕೂ ತಯಾರಿರಿ.

ಹೆಣ್ಣುಮಕ್ಕಳ ಬಯೋಡೇಟಾಗಳಲ್ಲಿ ಮೆಹಂದಿ, ರಂಗೋಲಿ, ಕಸೂತಿ ಬಹಳ ಇರುತ್ತವೆ, ಎಲ್ಲವೂ ಒಂದೊಂದೇ ಪದದಲ್ಲಿ. ಇದು ದೊಡ್ಡ ನಷ್ಟ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಗವಂತಿ, ಮುರ್ಗಿ ಹೊಲಿಗೆ ಸೀರೆಯ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಚಿತ್ತಾರವೇ ವಾಲುತ್ತದೆ, ಬಿಚ್ಚಿ ಮತ್ತೆ ಶುರು ಮಾಡಬೇಕು. ಕ್ವಾಲಿಟಿ ಇನ್‌ಸ್ಪೆಕ್ಷನ್, ಅಕೌಂಟ್ಸ್, ಲ್ಯಾಬ್ ಕೆಲಸಕ್ಕೆ ಕೂತವರು ಇದನ್ನು ಹೇಳದೆ ಮತ್ತೇನು ಹೇಳಬೇಕು? ಮದುವೆ ಸೀಸನ್‌ನಲ್ಲಿ ಮೆಹಂದಿ ಆರ್ಡರ್ ಹಿಡಿಯುವವರು "ಆರ್ಡರ್ ಮೇಲೆ" ಎಂಬ ಎರಡು ಪದ ಸೇರಿಸಿ. ಗಿರಾಕಿ, ಸಮಯ, ದುಡ್ಡು ಮೂರನ್ನೂ ಸಂಭಾಳಿಸಿದ್ದೀರಿ ಎಂದಾಯಿತು. ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ, ಭಜನಾ ಮೇಳದಲ್ಲಿ ಹಾಡುವವರು ಸೇಲ್ಸ್, ಟೀಚಿಂಗ್ ಕೆಲಸಕ್ಕೆ ಹೋಗುವಾಗ ಸಂಕೋಚದಿಂದ ಬಿಟ್ಟುಬಿಡುತ್ತಾರೆ. ನೂರಾರು ಜನರ ಮುಂದೆ ಮಾತು ತಪ್ಪದೆ ನಿಂತವರು ಬಿಡಬಾರದು.

ಬರೆಯಬಾರದ್ದು

ಪಕ್ಷ, ಜಾತಿ ಸಂಘ, ಮಠದ ಸಮಿತಿ ಬೇಡ. ಬೆಳಗಾವಿಯಲ್ಲಿ ಯಾವ ಭಾಷೆಯ ಸಂಘಟನೆಯ ಹೆಸರೂ ಬೇಡ, ಎದುರಿಗೆ ಕೂತವರು ಯಾರೋ ಏನೋ. ಸಂಘದ ಮೂಲಕ ರಕ್ತದಾನ ಶಿಬಿರ ಮಾಡಿದ್ದರೆ ಶಿಬಿರವನ್ನು ಬರೆಯಿರಿ, ಬ್ಯಾನರ್ ಬಿಡಿ. ರೀಲ್ಸ್ ನೋಡುವುದು, ಗೆಳೆಯರ ಜೊತೆ ತಿರುಗುವುದು ಹವ್ಯಾಸವಲ್ಲ. ಹೈಸ್ಕೂಲಿನಲ್ಲಿ ಬಿಟ್ಟ ಆಟವನ್ನು ಈಗಲೂ ಆಡುವಂತೆ ಬರೆಯಬೇಡಿ. ಎಡವುವುದೇ ಇಲ್ಲಿ:

"ಕಬಡ್ಡಿ ಅಂತ ಬರದೀರಿ. ಕಡೀಕ ಯಾವಾಗ ಆಡೀರಿ?"
"ಸರ, ಎಂಟನೇತ್ತೆ ಇದ್ದಾಗ್ರಿ."

ಇಲ್ಲಿಂದಾಚೆ ಮೇಲಿನ ಪ್ರಾಜೆಕ್ಟ್‌ನ ಸಾಲುಗಳ ಮೇಲೂ ಅವರಿಗೆ ಅನುಮಾನ.

ಉತ್ತರ ಹೇಳುವುದು

ಅರ್ಧ ನಿಮಿಷ ಸಾಕು. ಏನು ಆಡುತ್ತೀರಿ, ನಿಮ್ಮ ಜಾಗ ಯಾವುದು, ಒಂದು ನಿರ್ದಿಷ್ಟ ಸಂಗತಿ, ಅಲ್ಲಿಗೆ ನಿಲ್ಲಿಸಿ. ಮುಂದಿನದನ್ನು ಅವರು ಕೇಳಲಿ. ಮನೆಯಲ್ಲಿ ಐದು ಪ್ರಶ್ನೆಗೆ ಬಾಯಿಬಿಟ್ಟು ಅಭ್ಯಾಸ ಮಾಡಿ: ಯಾವಾಗ ಶುರು ಮಾಡಿದಿರಿ, ಕೊನೆಯದಾಗಿ ಯಾವಾಗ, ಗೊತ್ತಿಲ್ಲದವರಿಗೆ ಒಂದು ನಿಯಮ ವಿವರಿಸಿ, ಸೋತದ್ದು ಏಕೆ, ಕೆಲಸಕ್ಕೆ ಸೇರಿದ ಮೇಲೆ ಏನು ಮಾಡುತ್ತೀರಿ. ಕೊನೆಯದು ತೀರಾ ಮುಖ್ಯ. ಶಿಫ್ಟ್ ನಡೆಯುವ ಕಾರ್ಖಾನೆಯವರಿಗೆ ಆಟಗಾರ ಎಂದರೆ ಖುಷಿಯ ಜೊತೆಗೆ ರಜೆ ಮತ್ತು ಪೆಟ್ಟಿನ ಅಂಜಿಕೆಯೂ ಇರುತ್ತದೆ. "ಬೆಳಗಿನ ಪ್ರಾಕ್ಟೀಸ್ ಶಿಫ್ಟ್‌ಗೆ ತಕ್ಕಂತೆ ಹೊಂದಿಸಿಕೊಳ್ತೀನ್ರಿ, ಟೂರ್ನಮೆಂಟ್ ಇದ್ದರೆ ತಾರೀಖು ಮೊದಲೇ ಹೇಳ್ತೀನ್ರಿ" ಎಂದರೆ ಸಾಕು. "ಕೆಲಸಕ್ಕಾಗಿ ಆಟ ಬಿಟ್ಟುಬಿಡ್ತೀನಿ" ಎಂದು ಹೇಳಬೇಡಿ, ಅದನ್ನು ಯಾರೂ ನಂಬುವುದಿಲ್ಲ.

ಸರ್ಕಾರಿ ನೌಕರಿ, ಸೇನೆ

ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯ ಸಂದರ್ಶನಕ್ಕೆ 275 ಅಂಕ. ಅದಕ್ಕೂ ಮುಂಚೆ ತುಂಬುವ ವಿವರವಾದ ಅರ್ಜಿಯಲ್ಲಿ ಹವ್ಯಾಸ, ಆಟ ಕೇಳಿರುತ್ತಾರೆ, ಮಂಡಳಿಯ ಮುಂದೆ ಆ ಹಾಳೆಯೇ ಇರುತ್ತದೆ. ಬಾದಾಮಿ ಬಂಡೆ ಹತ್ತುವುದು ಎಂದು ಬರೆದವರಿಗೆ ಮರಳುಗಲ್ಲಿನ ಬಗ್ಗೆ, ಚಾಲುಕ್ಯರ ಗುಹೆಗಳ ಬಗ್ಗೆ ಪ್ರಶ್ನೆ ಬರಬಹುದು. ಸೇನಾಧಿಕಾರಿ ಆಯ್ಕೆಯ ಎಸ್‌ಎಸ್‌ಬಿಯಲ್ಲೂ ವೈಯಕ್ತಿಕ ವಿವರದ ಫಾರ್ಮ್‌ನಲ್ಲಿ ಆಟ, ಅವಧಿ, ಪ್ರತಿನಿಧಿಸಿದ ತಂಡ ಬರೆಯಬೇಕು. ಸಂದರ್ಶನದ ಅಧಿಕಾರಿ ಅದನ್ನು ಹಿಡಿದುಕೊಂಡೇ ಕೇಳುತ್ತಾರೆ. ಬರೆದದ್ದಕ್ಕೂ ಹೇಳಿದ್ದಕ್ಕೂ ತಾಳೆ ಇರಬೇಕು.

ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಇದಲ್ಲ. ಅಲ್ಲಿ ಹವ್ಯಾಸಕ್ಕೆ ಬೆಲೆ ಇಲ್ಲ, ನಿಗದಿತ ನಮೂನೆಯ (ಫಾರ್ಮ್) ಪ್ರಮಾಣಪತ್ರಕ್ಕೆ ಬೆಲೆ. ದೇಶಕ್ಕೆ ಆಡಿದವರಿಗೆ ಫಾರ್ಮ್ 1, ರಾಷ್ಟ್ರೀಯ ಕೂಟದಲ್ಲಿ ರಾಜ್ಯಕ್ಕೆ ಆಡಿದವರಿಗೆ ಫಾರ್ಮ್ 2, ಅಂತರ ವಿಶ್ವವಿದ್ಯಾಲಯಕ್ಕೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕ್ರೀಡೆಗೆ ಫಾರ್ಮ್ 4. ಫಾರ್ಮ್ 3ಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರ ಸಹಿ ಬೇಕು, ಕಾಲೇಜಿನ ಪಿಇ ಸರ್ ಸಹಿ ನಡೆಯುವುದಿಲ್ಲ. ಪದಕದ ಜೊತೆ ಸಿಕ್ಕ ಬಣ್ಣದ ಪ್ರಮಾಣಪತ್ರವೊಂದನ್ನೇ ಹಿಡಿದು ಹೋಗಿ ಪರಿಶೀಲನೆಯಲ್ಲಿ ವಾಪಸ್ ಬರುವುದು ಇದೇ ಕಾರಣಕ್ಕೆ. ಕೂಟ ಮುಗಿದ ವರ್ಷವೇ ನಮೂನೆಗೆ ಸಹಿ ಮಾಡಿಸಿ ಇಟ್ಟುಕೊಳ್ಳಿ. ಅಧಿಕಾರಿ ವರ್ಗವಾದ ಮೇಲೆ ಹಳೇ ತಂಡದ ಪಟ್ಟಿ ಹುಡುಕಿಸುವುದು ತಿಂಗಳುಗಟ್ಟಲೆ ಅಲೆದಾಟ.