ಅಮೆರಿಕದ ಎಲಿಮೆಂಟರಿ ಕ್ಲಾಸಿನಲ್ಲಿ ಮಕ್ಕಳು ದಿನವಿಡೀ ಏನು ಮಾಡುತ್ತಾರೆ?

ಶಾಲೆ ಶುರುವಾಗಿ ತಿಂಗಳಾದರೂ ಮಗುವಿನ ಬ್ಯಾಗಿನಲ್ಲಿ ಪಠ್ಯಪುಸ್ತಕ ಕಾಣುವುದಿಲ್ಲ. ಇವತ್ತು ಏನು ಕಲಿಸಿದರು ಎಂದು ಕೇಳಿದರೆ "ಆಟ ಆಡಿದ್ವಿ" ಎನ್ನುತ್ತದೆ. ಊರಿನಿಂದ ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ ಗಾಬರಿಯಾಗುವುದು ಇಲ್ಲೇ. ಪಾಠವೇನೋ ನಡೆದಿರುತ್ತದೆ, ನಮ್ಮ ಕಣ್ಣಿಗೆ ಅದು ಪಾಠದಂತೆ ಕಾಣುವುದಿಲ್ಲ, ಅಷ್ಟೇ. ರಾಜ್ಯದಿಂದ ರಾಜ್ಯಕ್ಕೆ, ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ (ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಆಡಳಿತ) ಡಿಸ್ಟ್ರಿಕ್ಟ್‌ಗೆ ವ್ಯತ್ಯಾಸವಿದ್ದರೂ ದಿನದ ಕ್ರಮ ಬಹುಪಾಲು ಹೀಗಿರುತ್ತದೆ.

ಬೆಳಿಗ್ಗೆ ಬ್ಯಾಗನ್ನು ತನ್ನ ಗೂಡಿನಲ್ಲಿಟ್ಟು, ಮನೆಯಿಂದ ತಂದ ಫೋಲ್ಡರನ್ನು ಬುಟ್ಟಿಗೆ ಹಾಕಿ, ಮೇಜಿನ ಮೇಲಿನ ಹಾಳೆ ಮಾಡಲು ಮಗು ತಾನಾಗಿಯೇ ಕೂರಬೇಕು. ಆಮೇಲೆ ರಗ್ ಮೇಲೆ ಎಲ್ಲರಿಗೂ ಸೇರಿ 15-20 ನಿಮಿಷ ಪಾಠ. ನಂತರ ಸೆಂಟರ್‌ಗಳು. ಟೀಚರ್ ನಾಲ್ಕೈದು ಮಕ್ಕಳನ್ನು ಒಂದು ಮೇಜಿನ ಸುತ್ತ ಕೂರಿಸಿಕೊಂಡು ಓದಿಸುತ್ತಿದ್ದರೆ, ಉಳಿದ ಗುಂಪುಗಳು ಪದಗಳ ಆಟ, ಬರವಣಿಗೆ, ಮೌನ ಓದು ಎಂದು ಸರದಿಯಲ್ಲಿ ಜಾಗ ಬದಲಿಸುತ್ತವೆ. ಮಗು ಎಲ್ಲಿ ತಡವರಿಸುತ್ತಿದೆ ಎಂದು ಟೀಚರಿಗೆ ತಿಳಿಯುವುದು ಆ ಮೇಜಿನಲ್ಲೇ. ಅವರು ಇನ್ನೊಂದು ಗುಂಪಿನ ಜೊತೆ ಇರುವಾಗ ಮಧ್ಯೆ ಹೋಗಿ ಕೇಳುವಂತಿಲ್ಲ. ಮೊದಲು ಪಕ್ಕದವರನ್ನು ಕೇಳಬೇಕು. ದೊಡ್ಡವರು ಹೇಳಿದ ಮೇಲೆಯೇ ಮಾಡುವ ಅಭ್ಯಾಸವಿರುವ ಮಕ್ಕಳು ಇಲ್ಲಿ ಸುಮ್ಮನೆ ಕೂತುಬಿಡುತ್ತಾರೆ. ವಿಷಯ ಗೊತ್ತಿದ್ದರೂ ಹೀಗೆ ಹಿಂದುಳಿಯುವುದುಂಟು.

ಓದಿನ ವಿಷಯದಲ್ಲಿ ಕನ್ನಡದ ಮನೆಗಳಿಗೇ ಒಂದು ವಿಶೇಷ ತೊಡಕಿದೆ. ಶಾಲೆಯಲ್ಲಿ ಕಲಿಸುವುದು ಅಕ್ಷರದ ಹೆಸರಿಗಿಂತ ಹೆಚ್ಚಾಗಿ ಅದರ ಧ್ವನಿಯನ್ನು. ನಮ್ಮ ವ್ಯಂಜನಗಳಲ್ಲಿ 'ಅ' ಅಡಗಿರುವುದರಿಂದ ನಾವು ಸಹಜವಾಗಿ 'ಕ', 'ಟ' ಎಂದು ಹೇಳಿಕೊಡುತ್ತೇವೆ. ಆಗ ಕ್ಯಾಟ್ ಎಂಬ ಪದವನ್ನು ಮಗು 'ಕ-ಆ್ಯ-ಟ' ಎಂದು ಬಿಡಿಬಿಡಿಯಾಗಿ ಹೇಳುತ್ತದೆ, ಕೂಡಿಸಲು ಬರುವುದಿಲ್ಲ. ಅರ್ಧಾಕ್ಷರದಲ್ಲಿ ಹೇಳಿಕೊಡಿ: ಕ್, ಆ್ಯ, ಟ್. ಮ್, ಸ್, ಫ್ ಧ್ವನಿಗಳನ್ನು ಎಳೆಯಬಹುದಾದ್ದರಿಂದ ಅವುಗಳಿಂದ ಶುರುಮಾಡಿದರೆ ಸುಲಭ. ಇನ್ನೊಂದು ನಮ್ಮ 'ವ'. ವಿ ಮತ್ತು ಡಬ್ಲ್ಯೂ ಎರಡಕ್ಕೂ ಮನೆಯಲ್ಲಿ ಒಂದೇ ಉಚ್ಚಾರ ಕೇಳಿದ ಮಗು ಬರೆಯುವಾಗ ಒಂದರ ಬದಲು ಇನ್ನೊಂದನ್ನು ಹಾಕುತ್ತದೆ. ವಿ-ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಡಬ್ಲ್ಯೂ-ಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಲ್ಲಿಸಿ ತೋರಿಸಿದರೆ ಬೇಗ ಹಿಡಿಯುತ್ತಾರೆ.

ಕಿಂಡರ್‌ಗಾರ್ಟನ್ ಮತ್ತು ಒಂದನೇ ಗ್ರೇಡ್‌ನಲ್ಲಿ ಮಗು 'ಸೆಡ್' (ಎಸ್-ಎ-ಐ-ಡಿ) ಎಂಬುದನ್ನು ಎಸ್-ಇ-ಡಿ ಎಂದು ಬರೆದರೆ ಟೀಚರ್ ಬಿಟ್ಟುಬಿಡುವುದುಂಟು. ಕೇಳಿದ ಮೂರೂ ಧ್ವನಿಗಳನ್ನು ಮಗು ಹಿಡಿದಿದೆಯಲ್ಲ, ಆ ಹಂತದಲ್ಲಿ ಬೇಕಾದದ್ದು ಅದೇ. ಕಲಿತ ಪದಗಳನ್ನು ಕ್ಲಾಸಿನ ಗೋಡೆಗೆ ಅಂಟಿಸುವ ಪಟ್ಟಿಗೆ ಅದೇ ಪದ ಬಂದ ಮೇಲೆ ತಪ್ಪಿದರೆ ತಿದ್ದಿಸುತ್ತಾರೆ. ಮನೆಯಲ್ಲಿ ಕೆಂಪು ಪೆನ್ನು ಹಿಡಿದು ಕೂತರೆ ಮಗು ತನಗೆ ಗೊತ್ತಿರುವ ನಾಲ್ಕು ಪದಗಳಲ್ಲೇ ಬರೆದು ಮುಗಿಸಲು ಕಲಿಯುತ್ತದೆ.

ಅತಿ ಹೆಚ್ಚು ಜಗಳ ನಡೆಯುವುದು ಲೆಕ್ಕದ ಮೇಲೆ. 8 + 5 ಮಾಡಲು ತಲಾ 5 ಚೌಕಗಳ ಎರಡು ಸಾಲು ಬರೆದು, 8 ಚೌಕ ತುಂಬಿ, 5ರಿಂದ 2 ತೆಗೆದು 10 ಮಾಡಿ, ಉಳಿದ 3 ಸೇರಿಸುತ್ತಾರೆ. 42 - 17ಕ್ಕೆ ಸಂಖ್ಯಾರೇಖೆ: 17ರಿಂದ 20ಕ್ಕೆ 3, ಅಲ್ಲಿಂದ 40ಕ್ಕೆ 20, ಮತ್ತೆ 2, ಒಟ್ಟು 25. ಸಾಲ ತೆಗೆದುಕೊಂಡು ಎರಡೇ ಸಾಲಿನಲ್ಲಿ ಆಗುವ ಲೆಕ್ಕಕ್ಕೆ ಇಷ್ಟೆಲ್ಲ ಯಾಕೆ ಎನ್ನಿಸುವುದು ಸಹಜ. ಆದರೆ ಯಾವ ಗ್ರೇಡ್‌ನಲ್ಲಿ ಏನು ಬರಬೇಕು ಎಂದು ಹೇಳುವ, ಹಲವು ರಾಜ್ಯಗಳು ಒಪ್ಪಿಕೊಂಡ, 2010ರಲ್ಲಿ ಬಂದ ಕಾಮನ್ ಕೋರ್ ಮಾನದಂಡಗಳ ಪ್ರಕಾರ ನಮ್ಮ ಆ ಸಾಂಪ್ರದಾಯಿಕ ಕೂಡು-ಕಳೆ ಪದ್ಧತಿ ನಿರರ್ಗಳವಾಗಿ ಬರಬೇಕಾದ್ದು 4ನೇ ಗ್ರೇಡ್‌ನಲ್ಲಿ, ಗುಣಾಕಾರ 5ರಲ್ಲಿ, ಭಾಗಾಕಾರ 6ರಲ್ಲಿ. ಟೆಕ್ಸಸ್, ವರ್ಜೀನಿಯಾ ಅದನ್ನು ಒಪ್ಪಿಕೊಳ್ಳಲಿಲ್ಲ. ಅಲ್ಲಿ ರಾಜ್ಯದ್ದೇ ಮಾನದಂಡಗಳಿವೆ. ಎರಡನೇ ಗ್ರೇಡ್‌ನಲ್ಲೇ ನೀವು ಸಾಲ ತೆಗೆಯುವುದನ್ನು ಕಲಿಸಿದರೆ ಮಗು ಉತ್ತರ ಸರಿ ಬರೆದು, ಚಿತ್ರ ಬಿಡಿಸದೆ, ಅಂಕ ಕಳೆದುಕೊಳ್ಳಬಹುದು. ಪ್ರಶ್ನೆ ಕೇಳಿದ್ದು ದಾರಿಯನ್ನು. ಮಗ್ಗಿಯನ್ನು ಮಾತ್ರ ಧಾರಾಳವಾಗಿ ಕಲಿಸಿ. ಒಂದಂಕಿ ಗುಣಾಕಾರಗಳು 3ನೇ ಗ್ರೇಡ್ ಮುಗಿಯುವಷ್ಟರಲ್ಲಿ ಬಾಯಿಗೆ ಬರಬೇಕು, ಅದಕ್ಕೆ ಕ್ಲಾಸಿನಲ್ಲಿ ಸಿಗುವ ಅಭ್ಯಾಸ ಎಲ್ಲರಿಗೂ ಸಾಲುವುದಿಲ್ಲ. ಹಾಗೆಯೇ ನಾಣ್ಯ: 10 ಸೆಂಟಿನ ಡೈಮ್ 5 ಸೆಂಟಿನ ನಿಕಲ್‌ಗಿಂತ ಚಿಕ್ಕದು. ಮನೆಯಲ್ಲಿ ಕಾರ್ಡ್ ಮಾತ್ರ ನೋಡಿದ ಮಕ್ಕಳು ಎರಡನೇ ಗ್ರೇಡ್‌ನ ಲೆಕ್ಕದಲ್ಲಿ ಇಲ್ಲೇ ಎಡವುತ್ತಾರೆ. ಒಂದು ಹಿಡಿ ಚಿಲ್ಲರೆ ಮೇಜಿನ ಮೇಲಿರಲಿ.

ರಿಪೋರ್ಟ್ ಕಾರ್ಡಿನಲ್ಲಿ ಹಲವು ಶಾಲೆಗಳು 1ರಿಂದ 4ರವರೆಗೆ ಅಂಕ ಕೊಡುತ್ತವೆ. ಸಾಮಾನ್ಯವಾಗಿ 3 ಎಂದರೆ ಗ್ರೇಡ್‌ಗೆ ತಕ್ಕಂತೆ ಇದೆ ಎಂದರ್ಥ; ಅದನ್ನು ಶೇಕಡಾ 75 ಎಂದು ಓದಬೇಡಿ. ವರ್ಷದ ಕೊನೆಯ ಗುರಿಗೆ ಹೋಲಿಸಿ ಅಂಕ ಕೊಡುವ ಕಡೆ ಮೊದಲ ಅವಧಿಯಲ್ಲಿ 2 ಬರುವುದು ಮಾಮೂಲು.

ದಾಖಲಾತಿಯ ವೇಳೆ ಮನೆಮಾತು ಯಾವುದು ಎಂದು ಕೇಳುವ ಫಾರಂ ಕೊಡುತ್ತಾರೆ. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡಬಹುದು. ಇದಕ್ಕೆ ಹೆದರಿ ಕೆಲವರು ಇಂಗ್ಲಿಷ್ ಎಂದು ಬರೆದುಬಿಡುತ್ತಾರೆ. ನಿಜ ಬರೆಯುವುದೇ ಒಳ್ಳೆಯದು. ಪರೀಕ್ಷೆಯಲ್ಲಿ ಇಂಗ್ಲಿಷ್ ಸಾಲದು ಎಂದಾದರೆ ಶಾಲೆ ಹಣ ಪಡೆಯದೆ ಹೆಚ್ಚುವರಿ ಭಾಷಾ ನೆರವು ಕೊಡಬೇಕು. ಬೇಡವೆಂದರೆ ಪೋಷಕರು ಅದನ್ನು ನಿರಾಕರಿಸಲೂಬಹುದು.