ಕಲಬುರಗಿಯ ಹಳೆ ಬಟ್ಟೆ ರಾಶಿಯಲ್ಲಿ ಒಳ್ಳೆಯದನ್ನು ನಾನು ಹೇಗೆ ಹುಡುಕುತ್ತೇನೆ

ಹಳೆ ಬಟ್ಟೆ ಕೊಂಡು ಹಾಕ್ಕೊಳ್ತೀನಿ ಅಂದ್ರೆ ನಮ್ಮ ಕಡೆ ಎರಡು ಮಾತು ಬರುತ್ತವೆ. ಒಂದು, "ಯಾರ್ ಹಾಕ್ಕೊಂಡ್ ಬಿಟ್ಟಿದ್ದೋ ಏನೋ." ಇನ್ನೊಂದು, "ಸತ್ತೋರ್ದಿದ್ರ ಏನ್ ಮಾಡ್ತಿ?" ಎರಡನೆಯದನ್ನು ಜನ ಸಣ್ಣ ದನಿಯಲ್ಲಿ ಕೇಳುತ್ತಾರೆ, ನಮ್ಮ ಅತ್ತೆ ಮಾತ್ರ ಜೋರಾಗೇ ಕೇಳುತ್ತಾರೆ. ಅವರ ಟ್ರಂಕಿನಲ್ಲಿ ಭದ್ರವಾಗಿರುವ ಇಳಕಲ್ ಸೀರೆ ಅವರ ಅತ್ತೆ ಉಟ್ಟು ಬಿಟ್ಟದ್ದು ಅಂತ ನಾನು ನೆನಪಿಸೋದಿಲ್ಲ, ಮನೆಯಲ್ಲಿ ಶಾಂತಿ ಬೇಕು ನೋಡಿ.

ನಾನು ಹುಡುಕೋದು ಹೆಚ್ಚಾಗಿ ಮೂರು ಕಡೆ. ಸೂಪರ್ ಮಾರ್ಕೆಟ್ ಅಂತ ಕರೆಯುವ ನಮ್ಮೂರ ಪೇಟೆಯ ಸುತ್ತಮುತ್ತ ರಸ್ತೆ ಬದಿಗೆ ತಾಡಪಾಲ್ ಹಾಸಿ ಬಟ್ಟೆ ಸುರಿದುಕೊಂಡು ಕೂರುವವರ ಹತ್ತಿರ. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಯ ಸಾಲಿನಲ್ಲಿ. ಮತ್ತೆ ಹಳೆ ಬಟ್ಟೆ ತಗೊಂಡು ಸ್ಟೀಲ್ ಭಾಂಡೆ ಕೊಡುವ ಹೆಂಗಸರ ಗಂಟಿನಲ್ಲಿ. ಮೊದಲ ಎರಡು ಕಡೆ ಸಿಗೋದು ಹೆಚ್ಚಾಗಿ ಹೊರದೇಶದ ಮಾಲು, ಮೂರನೆಯದರಲ್ಲಿ ನಮ್ಮದೇ ಮನೆಗಳ ಬಟ್ಟೆ. ಎರಡನ್ನೂ ನೋಡುವ ರೀತಿ ಬೇರೆ ಬೇರೆ.

ಹೊರದೇಶದ ಮಾಲು ಇಲ್ಲಿಗೆ ಬರುವ ದಾರಿ ಸ್ವಲ್ಪ ಸುತ್ತು. ಅಮೆರಿಕ, ಯುರೋಪ್, ಕೊರಿಯಾ ಕಡೆ ಜನ ದಾನ ಮಾಡಿದ, ಬಿಸಾಕಿದ ಬಟ್ಟೆ ದೊಡ್ಡ ದೊಡ್ಡ ಬೇಲ್ ಆಗಿ ಹಡಗಿನಲ್ಲಿ ಬರುತ್ತದೆ. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದಲ್ಲಿ ಅದನ್ನು ವಿಂಗಡಿಸಿ ಮತ್ತೆ ಹೊರಗೆ ಕಳಿಸುವ ಯೂನಿಟ್‌ಗಳಿವೆ. ಬಳಸಿದ ಬಟ್ಟೆಯನ್ನು ತರಿಸಿ ಹಾಗೇ ಇಲ್ಲಿ ಮಾರಲು ಲೈಸೆನ್ಸ್ ಬೇಕು, ಅದಕ್ಕೇ ಉಣ್ಣೆ ಬಟ್ಟೆಯನ್ನು ಚಿಂದಿ ಮಾಲಾಗಿ ತರಿಸುವಾಗ ಕತ್ತರಿ ಹಾಕಿ ಸೀಳಿರಬೇಕು ಅನ್ನುವ ನಿಯಮ ಇದೆ. ಆ ಚಿಂದಿ ಪಾಣಿಪತ್‌ಗೆ ಹೋಗಿ ನೂಲಾಗಿ, ಕಂಬಳಿಯಾಗಿ ಬರುತ್ತದೆ. ಇದನ್ನು ಯಾಕೆ ಹೇಳಿದೆ ಅಂದ್ರೆ, ರಾಶಿಯಲ್ಲಿ ಒಮ್ಮೊಮ್ಮೆ ಚಂದದ ಕೋಟು ಸಿಕ್ಕು, ತಿರುವಿದರೆ ಬೆನ್ನಿನ ನಡುವೆ ನೇರ ಸೀಳು ಕಾಣುತ್ತದೆ. ಅದು ಹರಿದದ್ದಲ್ಲ, ಕತ್ತರಿಸಿದ್ದು. ರಫೂ ಮಾಡಿಸಿದರೂ ಗೆರೆ ಹೋಗೋದಿಲ್ಲ. ಅಲ್ಲೇ ಇಟ್ಟು ಮುಂದೆ ಹೋಗಿ.

ಇನ್ನು ಬ್ರ್ಯಾಂಡ್. ಎಲ್ಲರೂ ಕೈ ಹಾಕೋದು ಮೊದಲು ಅಲ್ಲಿಗೇ. ನಾನು ಅದನ್ನು ಕೊನೆಗೆ ನೋಡುತ್ತೇನೆ. ನಮ್ಮ ಮಾರುಕಟ್ಟೆಯಲ್ಲಿ ದೊಡ್ಡ ಹೆಸರಿನ ಲೇಬಲ್ ಯಾವ ಬಟ್ಟೆಗೆ ಬೇಕಾದರೂ ಹೊಲಿದು ಕೊಡುತ್ತಾರೆ, ಅದಕ್ಕೆ ಖರ್ಚೇ ಇಲ್ಲ. ಆದರೆ ಕಾಜಾ, ಅಸ್ತರ್, ಒಳಗಿನ ಮಾರ್ಜಿನ್ ಇವನ್ನೆಲ್ಲ ಚೆನ್ನಾಗಿ ಮಾಡಲು ಸಮಯ ಮತ್ತು ಬಟ್ಟೆ ಎರಡೂ ಖರ್ಚಾಗುತ್ತವೆ, ನಕಲಿ ಮಾಡುವವನು ಅಷ್ಟು ಕಷ್ಟ ಪಡೋದಿಲ್ಲ. ನನಗೆ ಇದನ್ನು ಕಲಿಸಿದವರು ಶಾಬಜಾರ್ ಕಡೆಯ ಒಬ್ಬ ವಯಸ್ಸಾದ ಟೇಲರ್, ನಾನು ಚಾಚಾ ಅಂತೀನಿ. "ಬೇಟಿ, ಮೊದ್ಲ ಉಲ್ಟಾ ಮಾಡಿ ನೋಡು. ಸೀದಾ ಕಡಿಗಿ ಎಲ್ಲಾರೂ ಚಂದನೇ ಹೊಲಿತಾರ" ಅಂದಿದ್ದರು.

ಅದಕ್ಕೂ ಮೊದಲು ಕೈ. ರಾಶಿಯ ಮುಂದೆ ಕೂತಾಗ ಒಂದೊಂದೇ ಬಟ್ಟೆ ಎತ್ತಿ ಬಿಡಿಸಿ ನೋಡಿದರೆ ಮಧ್ಯಾಹ್ನ ಅಲ್ಲೇ ಮುಗಿಯುತ್ತದೆ, ಅಂಗಡಿಯವನೂ "ಏನ್ ಹುಡುಕ್ಲಾಕತ್ತೀರಿ ಅಕ್ಕೋರ, ಹೇಳ್ರಿ" ಅಂತ ಸಿಡಿಮಿಡಿ ಮಾಡುತ್ತಾನೆ. ನಾನು ಅಂಚುಗಳ ಮೇಲೆ ಸುಮ್ನೆ ಕೈ ಆಡಿಸುತ್ತಾ ಹೋಗುತ್ತೇನೆ. ಪಾಲಿಯೆಸ್ಟರ್ ಜಾರುತ್ತದೆ, ನಮ್ಮ ಬಿಸಿಲಲ್ಲಿ ಮುಟ್ಟಿದರೆ ಒಂಥರಾ ಅಂಟಂಟು. ಲಿನನ್ ತಣ್ಣಗಿರುತ್ತದೆ, ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಗಟ್ಟಿ ಸುಕ್ಕು ಉಳಿಯುತ್ತದೆ. ಉಣ್ಣೆಯನ್ನು ಹಿಂಡಿ ಬಿಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ. ಒಳ್ಳೆಯ ಹತ್ತಿಗೆ ಒಂದು ತೂಕ ಇರುತ್ತದೆ. ಸ್ವಲ್ಪ ಕಾಲ ಹೀಗೆ ಮಾಡಿದರೆ ಕಣ್ಣು ಬೇಕಾಗೋದೇ ಇಲ್ಲ. ಕೈಗೆ ಏನಾದರೂ ಸಿಕ್ಕ ಮೇಲೆ ಹೊರಗೆ ಎಳೆದು ಉಲ್ಟಾ ಮಾಡುತ್ತೇನೆ.

ಅಂಗಿ ಆದರೆ ಮೊದಲು ಚೌಕಳಿ ಅಥವಾ ಗೆರೆ ಕೂಡುತ್ತದಾ ಅಂತ ನೋಡಿ. ಜೇಬಿನ ಚೌಕಳಿ ಅಂಗಿಯ ಚೌಕಳಿ ಜೊತೆ ತಪ್ಪದೆ ಹೊಂದಿದ್ದರೆ, ಮುಂದೆ ಗುಂಡಿ ಪಟ್ಟಿಯ ಎರಡೂ ಕಡೆ ಗೆರೆ ಸೇರಿದ್ದರೆ, ಕತ್ತರಿಸುವಾಗ ಬಟ್ಟೆ ಜಾಸ್ತಿ ಹಾಳಾಗಿದ್ದರೂ ಪರವಾಗಿಲ್ಲ ಅಂತ ಯಾರೋ ಮನಸ್ಸಿಟ್ಟು ಮಾಡಿದ್ದಾರೆ ಅಂತ ಅರ್ಥ. ಹೊಲಿಗೆ ಎಷ್ಟು ಒತ್ತಾಗಿದೆ ನೋಡಿ. ಒಳ್ಳೆಯ ಅಂಗಿಯಲ್ಲಿ ಇಂಚಿಗೆ 16ಕ್ಕಿಂತ ಜಾಸ್ತಿ ಹೊಲಿಗೆ ಇರುತ್ತವೆ, ಅಗ್ಗದ್ದರಲ್ಲಿ ಹತ್ತರ ಆಸುಪಾಸು. ಗುಂಡಿ ಚಿಪ್ಪಿನದಾದರೆ ಕೆನ್ನೆಗೆ ತಾಗಿಸಿದಾಗ ತಣ್ಣಗೆ ಹತ್ತುತ್ತದೆ, ಹಿಂಭಾಗ ಸಮ ಇರೋದಿಲ್ಲ, ಸ್ವಲ್ಪ ಬಣ್ಣ ಬೇರೆ ಇರುತ್ತದೆ. ಪ್ಲಾಸ್ಟಿಕ್ ಗುಂಡಿ ಬೆಚ್ಚಗೇ ಇರುತ್ತದೆ, ಎಲ್ಲವೂ ಒಂದೇ ತರ.

ಕೋಟಿಗೆ ನಾನು ಮಾಡುವ ಪರೀಕ್ಷೆ ಒಂದೇ. ಮುಂಭಾಗದಲ್ಲಿ, ಕೆಳಗಿನ ಗುಂಡಿಯ ಹತ್ತಿರ, ಹೊರಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಒಳಗಿನ ಅಸ್ತರನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಬೇರೆ ಮಾಡಿ ಉಜ್ಜಿ ನೋಡಿ. ನಡುವೆ ಬಿಡಿಯಾಗಿ ಮೂರನೆಯ ಪದರ ಆಡಿದರೆ ಅದು ಕೋಟಿಗೆ ಆಕಾರ ಕೊಡಲು ಒಳಗೆ ಹೊಲಿದು ಕೂರಿಸಿದ ಗಟ್ಟಿ ಬಟ್ಟೆ, ಕ್ಯಾನ್ವಾಸ್. ಇಲ್ಲದಿದ್ದರೆ ಗಮ್ ಹಚ್ಚಿ ಇಸ್ತ್ರಿಯಲ್ಲಿ ಅಂಟಿಸಿದ್ದು. ಅಂಟಿಸಿದ್ದು ವರ್ಷಗಳಾದ ಮೇಲೆ ಎದೆ ಮೇಲೆ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ, ಅದಕ್ಕೆ ಚಾಚಾ ಹತ್ತಿರವೂ ಔಷಧ ಇಲ್ಲ. ಜೊತೆಗೆ ಬದಿಯ ಹೊಲಿಗೆಯಲ್ಲಿ ಎಷ್ಟು ಮಾರ್ಜಿನ್ ಬಿಟ್ಟಿದ್ದಾರೆ ನೋಡಿಕೊಳ್ಳಿ. ಹಳೆ ಕೋಟುಗಳಲ್ಲಿ ಬೆರಳಗಲ ಬಟ್ಟೆ ಬಿಟ್ಟಿರುತ್ತಾರೆ, ಬಿಚ್ಚಿ ಅಗಲ ಮಾಡಿಸಬಹುದು.

ಎಷ್ಟು ಹಳೆಯದು ಅನ್ನೋದು ಆಮೇಲಿನ ಮಾತು. ಇಲ್ಲಿ ಲೇಬಲ್ ಸಹಾಯಕ್ಕೆ ಬರುತ್ತದೆ, ಆದರೆ ಬ್ರ್ಯಾಂಡ್ ಹೆಸರಲ್ಲ, ಅದರ ಕೆಳಗಿನ ಸಣ್ಣ ಅಕ್ಷರ. ವೆಸ್ಟ್ ಜರ್ಮನಿ ಅಂತ ಇದ್ದರೆ 1990ರ ಒಳಗಿನದು, ಯಾಕಂದ್ರೆ ಆ ವರ್ಷ ಎರಡು ಜರ್ಮನಿ ಒಂದಾದವು. ಚೆಕೊಸ್ಲೊವಾಕಿಯಾ ಅಂತ ಇದ್ದರೆ 1992ರ ಒಳಗೆ. ಅಮೆರಿಕದ ಬಟ್ಟೆಯಲ್ಲಿ ಆರ್‌ಎನ್ ಅಂತ ಒಂದು ನಂಬರ್ ಇರುತ್ತದೆ. ಅದು ಕಂಪನಿಗೆ ಅಲ್ಲಿನ ಸರ್ಕಾರ ಕೊಡುವ ನಂಬರ್, 1950ರ ದಶಕದಲ್ಲಿ ಶುರುವಾದದ್ದು. ಬಟ್ಟೆ ಯಾವ ವರ್ಷದ್ದು ಅಂತ ಅದು ಹೇಳೋದಿಲ್ಲ, ಆದರೆ ಯಾವ ವರ್ಷಕ್ಕಿಂತ ಹಿಂದಿನದಲ್ಲ ಅಂತ ಹೇಳುತ್ತದೆ. ಹೇಗೆ ಒಗೀಬೇಕು ಅನ್ನುವ ಪಟ್ಟಿ ಹೊಲಿಯಲೇಬೇಕು ಅಂತ ಅಮೆರಿಕದಲ್ಲಿ ನಿಯಮ ಬಂದದ್ದು 1972ರಲ್ಲಿ, ಆ ಪಟ್ಟಿ ಇಲ್ಲದ್ದು ಅದಕ್ಕಿಂತ ಹಳೆಯದಿರಬಹುದು, ಇಲ್ಲಾ ಯಾರೋ ಕತ್ತರಿಸಿ ಬಿಸಾಕಿರಬಹುದು. ನೂಲಿನ ಉಂಡೆ ತರಹದ ಶುದ್ಧ ಉಣ್ಣೆಯ ಗುರುತು, ವೂಲ್‌ಮಾರ್ಕ್, ಬಂದದ್ದು 1964ರಲ್ಲಿ. ಹ್ಯಾರಿಸ್ ಟ್ವೀಡ್ ಅಂತ ಸ್ಕಾಟ್ಲೆಂಡ್ ದ್ವೀಪಗಳಲ್ಲಿ ಮನೆ ಮಗ್ಗದಲ್ಲಿ ನೇಯುವ ಉಣ್ಣೆ ಬಟ್ಟೆ ಇದೆ, ಅದಕ್ಕೆ ಗೋಲದ ಮೇಲೆ ಶಿಲುಬೆ ಇರುವ ಮುದ್ರೆ. ಅದನ್ನು ನೋಡಿಕೊಳ್ಳುವ ಅಥಾರಿಟಿ 1993ರ ಕಾನೂನಿನಿಂದ ಬಂತು, ಹಾಗಾಗಿ ಅಥಾರಿಟಿ ಅನ್ನುವ ಪದ ಇರುವ ಲೇಬಲ್ ಅದಕ್ಕಿಂತ ಹಿಂದಿನದಲ್ಲ.

ಲೀವೈಸ್ ಪ್ಯಾಂಟಿನ ಕಥೆ ಹುಡುಗರಿಗೆಲ್ಲ ಗೊತ್ತು. ಜೇಬಿನ ಕೆಂಪು ಪಟ್ಟಿಯಲ್ಲಿ ಹೆಸರಿನ ಎರಡನೇ ಅಕ್ಷರ ದೊಡ್ಡ 'ಇ' ಆಗಿದ್ದರೆ 1971ಕ್ಕಿಂತ ಹಿಂದಿನದು ಅಂತ. ನಿಜ, ಆದರೆ ಕಂಪನಿಯೇ ಈಗ ಹಳೆ ಮಾದರಿಯನ್ನು ಮತ್ತೆ ಮಾಡಿ ಮಾರುತ್ತದೆ, ಅದರಲ್ಲೂ ದೊಡ್ಡ 'ಇ' ಇರುತ್ತದೆ. ಟೀಶರ್ಟಿನ ತೋಳಿನ ಅಂಚಿಗೆ ಒಂದೇ ಸಾಲು ಹೊಲಿಗೆ ಇದ್ದರೆ ತೊಂಬತ್ತರ ದಶಕದ ಮಧ್ಯಕ್ಕಿಂತ ಹಳೆಯದು ಅನ್ನೋದೂ ಹಾಗೇ. ಒಂದೇ ಗುರುತು ನಂಬಿ ದುಡ್ಡು ಕೊಡಬೇಡಿ. ಜಿಪ್, ಲೇಬಲ್, ಹೊಲಿಗೆ, ಬಟ್ಟೆ ಎಲ್ಲವೂ ಒಂದೇ ಕಾಲದ್ದು ಅಂತ ಹೇಳಬೇಕು.

ಉಣ್ಣೆ ಬಟ್ಟೆ ಯಾವಾಗ ಕೊಳ್ಳಬೇಕು ಅಂದ್ರೆ ಏಪ್ರಿಲ್‌ನಲ್ಲಿ. ಕಲಬುರಗಿಯಲ್ಲಿ ನಲವತ್ತು ಡಿಗ್ರಿ ದಾಟಿದಾಗ ಯಾವ ಹುಚ್ಚರು ಕೋಟು ಮುಟ್ಟುತ್ತಾರೆ, ಅಲ್ವಾ? ಹೊತ್ತು ತಿರುಗೋದೇ ಬೇಡ ಅಂತ ಮಾರುವವನೇ ರೇಟು ಇಳಿಸುತ್ತಾನೆ. ಡಿಸೆಂಬರ್‌ನಲ್ಲಿ ಬೀದರ್ ಕಡೆ ಬೆಳಗ್ಗೆ ಬಸ್ ಹತ್ತಿದವರಿಗೆ ಗೊತ್ತು, ಆ ಕೋಟು ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ.

ಈಗ ನನಗೆ ನಿಜವಾಗಿ ಪ್ರೀತಿ ಇರುವ ಗಂಟಿಗೆ ಬರ್ತೀನಿ. ನಮ್ಮ ಓಣಿಗೆ ಭಾಂಡೆ ಬುಟ್ಟಿ ಹೊತ್ತು ಬರುವ ಒಬ್ಬ ಹೆಂಗಸಿಗೆ ಹೇಳಿಟ್ಟಿದ್ದೇನೆ, ಹಳೆ ಇಳಕಲ್, ರೇಷ್ಮೆ, ಕಸೂತಿ ಸಿಕ್ಕರೆ ಮೊದಲು ನನಗೆ ತೋರಿಸು ಅಂತ. "ಅಕ್ಕಾ, ನಿನಗ್ಯಾಕ ಹರಕ ಬಟ್ಟಿ? ಹೊಸಾದು ತಗೋಬಾರ್ದೇನು?" ಅಂತ ಈಗಲೂ ನಗುತ್ತಾಳೆ. ತರುತ್ತಾಳೆ ಮಾತ್ರ. ಜನ ಒಂದು ಸ್ಟೀಲ್ ಡಬ್ಬಿಗೆ ಏನೇನು ಕೊಟ್ಟುಬಿಡುತ್ತಾರೆ ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಳಕಲ್ ಗುರುತಿಸೋದು ಸೆರಗಿನಲ್ಲಿ. ಒಡಲಿನ ಹಾಸು ಎಳೆಗಳನ್ನೂ (ಉದ್ದಕ್ಕೆ ಹೋಗುವ ಎಳೆ) ಸೆರಗಿನ ಹಾಸು ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಸೇರಿಸುತ್ತಾರೆ, ತೋಪ್ ತೆನಿ ಅನ್ನೋದು ಇದಕ್ಕೇ. ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಆ ಕೂಡು ಗೆರೆ ಸಣ್ಣಗೆ ಹತ್ತುತ್ತದೆ. ಅಚ್ಚು ಹಾಕಿದ ನಕಲಿಯಲ್ಲಿ ಸುಮ್ನೆ ಬಣ್ಣ ಬದಲಾಗುತ್ತದೆ, ಗೆರೆ ಇರೋದಿಲ್ಲ. ಕಸೂತಿ ಇದ್ದರೆ ಹಿಂದೆ ತಿರುವಿ. ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ತರ ಕಾಣಬೇಕು, ಗಂಟು ಇರಬಾರದು. ಮೆಷಿನ್ ಕೆಲಸ ಆದರೆ ಹಿಂದೆ ಬಾಬಿನ್ ದಾರ ಒತ್ತಾಗಿ ಕಾಣುತ್ತದೆ, ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಯಾದಗಿರಿ ಕಡೆಯಿಂದ ನಾರಾಯಣಪೇಟೆ ಸೀರೆಗಳೂ ಬರುತ್ತವೆ, ಊರು ಗಡಿಯಾಚೆ ಪಕ್ಕದಲ್ಲೇ ತಾನೆ. ಸಣ್ಣ ಚೌಕಳಿ, ಸೆರಗು ಅಂಚು ಗಾಢ ಬಣ್ಣ. ಹಗುರ ಇರುತ್ತವೆ, ದಿನಕ್ಕೆ ಉಡಲು ಅದೇ ಚಂದ.

ಅಪರೂಪಕ್ಕೆ ನಿಜಾಮರ ಕಾಲದ ಮನೆಗಳಿಂದ ಶೆರ್ವಾನಿ ಬರುತ್ತದೆ. ಹಿಮ್ರೂ ಬಟ್ಟೆಯದಾದರೆ ಹತ್ತಿ ಹಾಸು, ರೇಷ್ಮೆ ಹೊಕ್ಕು (ಅಡ್ಡ ಎಳೆ), ಒಳಗೆ ಸಡಿಲ ಎಳೆಗಳ ಪದರ. ಅಸ್ತರ್ ಬಿಚ್ಚದೆ ಅದು ಕಾಣೋದಿಲ್ಲ, ಅಸ್ತರ್ ಹರಿದಿದ್ದರೆ ನಿಮ್ಮ ಅದೃಷ್ಟ.

ಜರಿ ವಿಷಯದಲ್ಲಿ ನನಗೆ ಪೈಪೋಟಿ ಇದೆ. "ಹಳೀ ಜರಿ ಸೀರಿ ಇದ್ರ ಕೊಡ್ರೀ" ಅಂತ ಓಣಿ ಓಣಿ ತಿರುಗುವವರು. ಅವರಿಗೆ ಸೀರೆ ಬೇಕಿಲ್ಲ, ಬೆಳ್ಳಿ ಬೇಕು. ಅಸಲಿ ಜರಿ ಅಂದ್ರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ನೀರು ಹಿಡಿಸಿದ್ದು, ಅವರು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಪರೀಕ್ಷೆ ಸುಲಭ. ಅಂಚಿನಲ್ಲಿ ಸಡಿಲಾದ ಒಂದು ಎಳೆಯನ್ನು ಉಗುರಿನಿಂದ ಕೆರೆದರೆ ಒಳಗೆ ಕೆಂಪು ರೇಷ್ಮೆ ಎಳೆ ಕಾಣುತ್ತದೆ. ಹಳೆಯ ಬೆಳ್ಳಿ ಜರಿ ಕಪ್ಪಾಗುತ್ತದೆ. ತಾಮ್ರದ್ದು ಹಸಿರು ಹಿಡಿಯುತ್ತದೆ. ಪ್ಲಾಸ್ಟಿಕ್ ಜರಿ ಎಷ್ಟು ವರ್ಷವಾದರೂ ಥಳಥಳ ಅಂತಲೇ ಇರುತ್ತದೆ.

ಆದರೆ ಹಳೆ ರೇಷ್ಮೆಯನ್ನು ಕೊಳ್ಳುವ ಮುಂಚೆ ಬೆಳಕಿಗೆ ಹಿಡಿಯದೆ ದುಡ್ಡು ತೆಗೀಬೇಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ಸೀರೆ ಆ ಮಡಿಕೆಯಲ್ಲೇ ಸೀಳುತ್ತದೆ. ಬಿಸಿಲಿಗೆ ಹಿಡಿದಾಗ ನೇರ ಗೆರೆಗಳಲ್ಲಿ ಬೆಳಕು ತೂರಿ ಬಂದರೆ ಆ ಸೀರೆ ಉಡಲು ಬರೋದಿಲ್ಲ. ಅಂಚು, ಸೆರಗು ಬಿಡಿಸಿ ಕುಪ್ಪಸಕ್ಕೆ ಹಚ್ಚಿಸಬಹುದು, ಅದಕ್ಕೆ ತಕ್ಕ ಬೆಲೆ ಕೊಡಿ.

ಯಾವ ನೂಲು ಅಂತ ಅನುಮಾನ ಇದ್ದರೆ ಮನೆಗೆ ತಂದ ಮೇಲೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಚಿಮಟಿಯಲ್ಲಿ ಹಿಡಿದು ಬೆಂಕಿ ತೋರಿಸಿ. ಹತ್ತಿ ಕಾಗದ ಸುಟ್ಟ ವಾಸನೆ, ಬೂದಿ ಮೆತ್ತಗೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ, ಕರಿ ಉಂಡೆ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಆರುವವರೆಗೆ ಮುಟ್ಟಬೇಡಿ.

ನಾನು ಮುಟ್ಟದೇ ಬಿಡುವವು: ಕಂಕುಳಲ್ಲಿ ಹಳದಿ ಗಟ್ಟಿಯಾಗಿ ಕೂತ ಬೆವರಿನ ಕಲೆ, ಜೀವ ಹೋದ ಎಲಾಸ್ಟಿಕ್, ನುಸಿ ಕೊರೆದ ಸಣ್ಣ ತೂತುಗಳು ಒಂದೆರಡಕ್ಕಿಂತ ಜಾಸ್ತಿ ಇರುವ ಉಣ್ಣೆ. ಗುಂಡಿ ಇಲ್ಲದ್ದು, ಹೊಲಿಗೆ ಬಿಚ್ಚಿದ್ದು, ಜಿಪ್ ಕೆಟ್ಟದ್ದು ತೊಂದರೆ ಇಲ್ಲ, ಬದಲಿಗೆ ಅದನ್ನೇ ತೋರಿಸಿ ಚೌಕಾಸಿ ಮಾಡಿ.

ತಂದದ್ದನ್ನು ನೇರ ಕಪಾಟಿಗೆ ಇಡೋದಿಲ್ಲ. ಹತ್ತಿ, ಪ್ಯಾಂಟು ಇವನ್ನು ಬಿಸಿ ನೀರಲ್ಲಿ ನೆನೆಸಿ ಒಗೆದು ಮಾಳಿಗೆ ಮೇಲೆ ಒಣಗಿಸಿದರೆ ಸಾಕು, ನಮ್ಮ ಬೇಸಿಗೆ ಬಿಸಿಲಿಗೆ ತಗಣೆ ಕೂಡ ಉಳಿಯೋದು ಕಷ್ಟ. ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರಿಜ್ಜಿನ ಐಸ್ ಖಾನೆಯಲ್ಲಿ ಒಂದೆರಡು ವಾರ ಇಡುತ್ತೇನೆ, ನುಸಿ ಮೊಟ್ಟೆ ಸಾಯಲಿ ಅಂತ. ಆಮೇಲೆ ಉಣ್ಣೆ, ರೇಷ್ಮೆ ಎರಡಕ್ಕೂ ಅಂಟವಾಳ ಕಾಯಿ ನೆನೆಸಿದ ತಣ್ಣೀರು, ನೆರಳಲ್ಲಿ ಒಣಗಿಸೋದು. ಐಸ್ ಖಾನೆಯಲ್ಲಿ ಕೋಟು ನೋಡಿದ ದಿನ ಅತ್ತೆ ಏನೂ ಅನ್ನಲಿಲ್ಲ, ಬಟಾಣಿ ಪೊಟ್ಟಣ ತೆಗೆದುಕೊಂಡು ಬಾಗಿಲು ಹಾಕಿದರು.

ಅಳತೆ ಬಗ್ಗೆ ಒಂದು ಮಾತು. ಲೇಬಲ್ ಮೇಲಿನ ಸೈಜು ನೋಡಬೇಡಿ, ದೇಶ ಬದಲಾದರೆ, ದಶಕ ಬದಲಾದರೆ ಅದೂ ಬದಲಾಗುತ್ತದೆ. ನಿಮಗೆ ಸರಿಯಾಗಿ ಹಿಡಿಯುವ ಒಂದು ಅಂಗಿ, ಒಂದು ಪ್ಯಾಂಟಿನ ಅಳತೆ ಮೊಬೈಲಿನಲ್ಲಿ ಬರೆದಿಟ್ಟುಕೊಂಡು, ಟೇಪು ಚೀಲದಲ್ಲಿ ಇಟ್ಟುಕೊಂಡು ಹೋಗಿ. ಕೋಟಿಗೆ ಭುಜದ ಅಳತೆ ಮಾತ್ರ ತಪ್ಪಬಾರದು. ಸೊಂಟ, ತೋಳಿನ ಉದ್ದ ಯಾವ ಟೇಲರ್ ಬೇಕಾದರೂ ಸರಿ ಮಾಡುತ್ತಾರೆ, ಭುಜ ಬಿಚ್ಚಿಸಿದರೆ ಕೂಲಿ ಕೋಟಿನ ಬೆಲೆಗಿಂತ ಜಾಸ್ತಿ ಬೀಳುತ್ತದೆ.