ಟರ್ಬೊ ಹೋಗಿದೆ ಅಂದರು, ಸೋರುತ್ತಿದ್ದದ್ದು ಹೋಸ್

ರೀಮ್ಯಾಪ್ ಮಾಡಿಸಿದ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಪವರ್ ಹೆಚ್ಚಿಸಿದ) ನನ್ನ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಚಾರ್ಮಾಡಿ ಘಾಟಿ ಹತ್ತುವಾಗ ಏದುಸಿರು ಬಿಡತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಬಾನೆಟ್ ಒಳಗಿಂದ ಸುಯ್ ಅನ್ನೋ ಸದ್ದು, ಜೊತೆಗೆ ಚೆಕ್ ಎಂಜಿನ್ ಲೈಟ್. ಸ್ಕ್ಯಾನರ್ ಹಾಕಿದರೆ ಪಿ0299 ಕೋಡ್, ಅಂದರೆ ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) ಸಾಲುತ್ತಿಲ್ಲ. ಗ್ಯಾರೇಜಿನಲ್ಲಿ ಟರ್ಬೊನೇ ಬದಲಿಸಿ ಅಂದರು.

ಗಾಳಿ ಎಲ್ಲೋ ಸೋರಿದರೂ ಇದೇ ಕೋಡ್ ಬರುತ್ತದೆ. ಸುಮ್ನೆ ಐಡಲ್‌ನಲ್ಲಿ ಬಿಟ್ಟು ನೋಡಿದರೆ ಸಿಗುವುದಿಲ್ಲ, ಆಗ ಬೂಸ್ಟೇ ಇರುವುದಿಲ್ಲ ಅಲ್ವಾ?

ಎಂಜಿನ್ ತಣ್ಣಗಾದ ಮೇಲೆ ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಟರ್ಬೊ ಬಾಯಿಗೆ ಪಿವಿಸಿ ಮುಚ್ಚಳ ಕೂರಿಸಿದೆ. ಅದಕ್ಕೆ ಮೊದಲೇ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಹಾಕಿದ್ದೆ. ನಿಧಾನವಾಗಿ 15 ಪಿಎಸ್‌ಐ ತನಕ ಗಾಳಿ ತುಂಬಿಸಿದೆ. ಅದಕ್ಕಿಂತ ಜಾಸ್ತಿ ಬೇಡ, ಸೀಲುಗಳಿಗೆ ಪೆಟ್ಟು. ಮುಚ್ಚಳದ ಎದುರಿಗಂತೂ ನಿಲ್ಲಲೇಬೇಡಿ, ಕಿತ್ತುಕೊಂಡರೆ ಗುಂಡಿನ ಹಾಗೆ ಹಾರುತ್ತದೆ. ಎಂಜಿನ್ ಒಳಗೆ ಸಣ್ಣಗೆ ಬುಸ್ ಅಂದರೆ ಗಾಬರಿ ಬೇಡ. ಎಂಜಿನ್ನಿನ ತೆರೆದ ವಾಲ್ವ್‌ಗಳಿಂದ ಸ್ವಲ್ಪ ಗಾಳಿ ಹೋಗಿಯೇ ಹೋಗುತ್ತದೆ.

ಆಮೇಲೆ ಸೋಪು ನೀರು ಸಿಂಪಡಿಸುತ್ತ ಬಂದೆ. ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್‌ನ ಕೆಳಗಿನ ಹೋಸ್ ಹತ್ತಿರ ಬಿಳಿ ನೊರೆ ಉಕ್ಕಿತು. ಕ್ಲ್ಯಾಂಪ್ ಬಿಚ್ಚಿದರೆ ಒಳಗೆ ತೆಳ್ಳಗೆ ಎಣ್ಣೆ ಪಸೆ! ಬೂಸ್ಟ್ ಏರಿದಾಗ ಹೋಸ್ ಅದರ ಮೇಲೆ ಜಾರಿ ಬಾಯಿ ಬಿಡುತ್ತಿತ್ತು. ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಹಳೇ ಸ್ಕ್ರೂ ಕ್ಲ್ಯಾಂಪ್ ಬದಲು ಸುತ್ತಲೂ ಸಮನಾಗಿ ಬಿಗಿಯುವ ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿದೆ.

ಕೋಡ್ ಅಳಿಸಿದ ಮೇಲೆ ಮತ್ತೆ ಬಂದಿಲ್ಲ. ಬಿಸಿಗೆ ಹೋಸ್ ಸ್ವಲ್ಪ ಅಮುಕಿಕೊಳ್ಳುತ್ತದೆ, ಹಾಗಾಗಿ ಒಂದಷ್ಟು ಓಡಿಸಿದ ನಂತರ ಕ್ಲ್ಯಾಂಪನ್ನು ಇನ್ನೊಮ್ಮೆ ಬಿಗಿ ಮಾಡಿದೆ.